ಯಾರ ಹೊಣೆಯೂ ಅಲ್ಲದ ಕೊನೆಯ ಇಪ್ಪತ್ತು ಅಡಿ

2024ರ ಏಪ್ರಿಲ್ ತಿಂಗಳ ಕೊನೆಯ ವಾರ. ಬೆಂಗಳೂರಿನ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದ ದಿನಗಳು ಅವು. ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಅಣ್ಣನ ಮಗಳು ಮಧ್ಯಾಹ್ನ ಎರಡೂವರೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕುಳಿತಳು. ಸ್ನಾತಕೋತ್ತರ ಕೋರ್ಸೊಂದರ ಪ್ರವೇಶಕ್ಕಾಗಿ ಮನೆಯಿಂದಲೇ ಬರೆಯಬೇಕಾಗಿದ್ದ ಪರೀಕ್ಷೆ; ಅದಕ್ಕಾಗಿ ಆರು ತಿಂಗಳು ತಯಾರಿ ನಡೆಸಿದ್ದಳು. ಮೂರು ಗಂಟೆ ಹತ್ತು ನಿಮಿಷಕ್ಕೆ ಅಂತರ್ಜಾಲ ಸಂಪರ್ಕ ಕಡಿಯಿತು. ಬಂತು, ಮತ್ತೆ ಹೋಯಿತು. ಮೂರನೆಯ ಬಾರಿ ಕಡಿದಾಗ ಪರೀಕ್ಷೆಯ ತಂತ್ರಾಂಶ ಅವಳನ್ನು ಹೊರಹಾಕಿತು. ಪರೀಕ್ಷೆ ನಡೆಸಿದವರಿಗೆ ಬರೆದ ಮನವಿಗೆ ಎರಡು ಸಾಲಿನ ಉತ್ತರ ಬಂತು: ಸುಸ್ಥಿರ ಸಂಪರ್ಕವನ್ನು ಹೊಂದಿಸಿಕೊಳ್ಳುವುದು ಅಭ್ಯರ್ಥಿಯ ಹೊಣೆ, ಮರುಪರೀಕ್ಷೆಗೆ ಅವಕಾಶವಿಲ್ಲ.

ಬ್ರಾಡ್‌ಬ್ಯಾಂಡ್ ಸಂಸ್ಥೆಗೆ ದೂರು ಕೊಟ್ಟೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಹುಡುಗ ಬಂದ. ತನ್ನ ಫೋನಿನಲ್ಲಿ ವೇಗ ಪರೀಕ್ಷಿಸಿ, ತೋರಿಸಿ, 'ನೋಡಿ ಸಾರ್, ಲೈನ್ ಸರಿಯಾಗಿಯೇ ಇದೆ' ಎಂದ. ಸರಿಯಾಗಿಯೇ ಇತ್ತು. ಅವನು ಮೆಟ್ಟಿಲು ಇಳಿಯುವ ಮೊದಲೇ ನನ್ನ ಫೋನಿಗೆ ಸಂದೇಶ ಬಂತು, ನಿಮ್ಮ ದೂರನ್ನು ಪರಿಹರಿಸಲಾಗಿದೆ ಎಂದು. ಅಂದು ಮಧ್ಯಾಹ್ನ ಮೂರಕ್ಕೆ ಸಂಪರ್ಕ ಮತ್ತೆ ಹೋಯಿತು. ಮೂರು ವಾರಗಳಲ್ಲಿ ನಾಲ್ಕು ದೂರು, ನಾಲ್ಕು ಬೆಳಗಿನ ಭೇಟಿ, ನಾಲ್ಕು 'ಪರಿಹಾರ'. ನಾಲ್ಕನೆಯ ಸಲ ಆ ಹುಡುಗನೇ ಸಂಕೋಚದಿಂದ ಹೇಳಿದ: 'ನಾನು ಬಂದಾಗ ಸರಿಯಿದ್ದರೆ ಕ್ಲೋಸ್ ಮಾಡಲೇಬೇಕು ಸಾರ್, ಓಪನ್ ಇಟ್ಟರೆ ನನ್ನ ಲೆಕ್ಕಕ್ಕೆ ಬೀಳುತ್ತದೆ.' ಅವನ ಮೇಲೆ ನನಗೆ ಕೋಪವಿಲ್ಲ. ದಿನಕ್ಕೆ ಹತ್ತಾರು ಮನೆ ಹತ್ತಿಳಿಯುವ ಹುಡುಗನನ್ನು ಬಯ್ದು ನಾವು ಸಾಧಿಸುವುದೇನೂ ಇಲ್ಲ.

ಹಗಲು ಕಾಣಿಸಿಕೊಂಡು ಬೆಳಿಗ್ಗೆ ಮಾಯವಾಗುವ ಈ ರೋಗದ ಮೂಲವನ್ನು ಕೊನೆಗೆ ಕಂಡುಹಿಡಿದವರು ನನ್ನ ಅತ್ತಿಗೆ. ಟಿ.ವಿ. ಇಟ್ಟಿರುವ ಮರದ ಕಪಾಟಿನ ಧೂಳು ಒರೆಸಲು ಕೈಹಾಕಿದವರು ಬೆಚ್ಚಿ ಕೈ ಹಿಂತೆಗೆದರು. ಗಾಜಿನ ಬಾಗಿಲಿನ ಒಳಗೆ, ಸೆಟ್‌ಟಾಪ್ ಬಾಕ್ಸಿನ ಬೆನ್ನಮೇಲೆ, ಅಂಗೈಯಗಲದ ಬಿಳಿಯ ರೂಟರ್ ಕುಳಿತಿತ್ತು. ಅದರ ಮೇಲೆ ಅಮ್ಮ ಎಂದೋ ಹೆಣೆದ ಕ್ರೋಶಾ ವಸ್ತ್ರ. ಪಕ್ಕದಲ್ಲಿ ಕರೆಂಟು ಹೋದಾಗ ಇರಲೆಂದು 2020ರ ಲಾಕ್‌ಡೌನ್ ಕಾಲದಲ್ಲಿ ತಂದಿಟ್ಟ ಪುಟ್ಟ ಬ್ಯಾಟರಿ ಪೆಟ್ಟಿಗೆ, ಅದೂ ಬಿಸಿ. ಕಪಾಟಿನ ಹಿಂದಿರುವುದು ಪಶ್ಚಿಮದ ಗೋಡೆ. ಮಧ್ಯಾಹ್ನವಿಡೀ ಬಿಸಿಲು ಕುಡಿಯುವ ಗೋಡೆ. ಕಪಾಟಿನೊಳಗಿನ ಉಷ್ಣಾಂಶ ಅಳೆಯಲು ಹೊರಟಾಗ ಜ್ವರ ನೋಡುವ ಥರ್ಮಾಮೀಟರ್ ಸಾಲದಾಯಿತು, ಅದು 42ಕ್ಕೇ ನಿಲ್ಲುತ್ತದೆ. ಗೋಡೆಗೆ ತೂಗುಹಾಕುವಂಥದ್ದನ್ನು ತಂದಿಟ್ಟು ನೋಡಿದರೆ ಮಧ್ಯಾಹ್ನ ಮೂರೂಕಾಲಿಗೆ 46 ಡಿಗ್ರಿ.

ರೂಟರಿನ ಜೊತೆ ಬಂದ ಕಾಗದವನ್ನು ನಾವ್ಯಾರೂ ಓದಿರಲಿಲ್ಲ. ಯಾರು ಓದುತ್ತಾರೆ? ಮನೆಬಳಕೆಯ ಬಹುತೇಕ ರೂಟರುಗಳ ವಿವರಪತ್ರದಲ್ಲಿ ಕಾರ್ಯನಿರ್ವಹಣೆಯ ಉಷ್ಣಾಂಶ 0ಯಿಂದ 40 ಡಿಗ್ರಿ ಸೆಲ್ಸಿಯಸ್ ಎಂದು ನಮೂದಾಗಿರುತ್ತದೆ. ಈ 40 ಎಂಬುದು ಸಾಧನದ ಒಳಗಿನ ಬಿಸಿಯಲ್ಲ, ಅದರ ಸುತ್ತಲಿನ ಗಾಳಿಯದು. ಬೆಂಗಳೂರು ತಂಪಿನ ಊರೆಂಬ ನಂಬಿಕೆಯಲ್ಲಿ ಬೆಳೆದ ನನ್ನಂಥವರಿಗೆ 40 ಎಂಬ ಅಂಕಿ ದೂರದ್ದೆಂದೇ ಅನಿಸುತ್ತಿತ್ತು. ಆದರೆ ಇದೇ ಊರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಯನ್ನು ಕಂಡಿದೆ. ಕಲಬುರಗಿ, ರಾಯಚೂರುಗಳ ಮಾತು ಹೇಳಬೇಕಾಗಿಯೇ ಇಲ್ಲ. ಅಲ್ಲಿ ಬೇಸಿಗೆಯ ನಡುವಿನಲ್ಲಿ ಅಂಗಳದ ಗಾಳಿಯೇ ಆ ಗೆರೆಯನ್ನು ದಾಟಿರುತ್ತದೆ. ತಯಾರಕನೇ 'ಇದಕ್ಕಿಂತ ಬಿಸಿ ಬೇಡ' ಎಂದು ಬರೆದುಕೊಟ್ಟ ಸಾಧನವನ್ನು, ಅದಕ್ಕಿಂತ ಬಿಸಿಯಾಗುವ ಊರಿನಲ್ಲಿ ಮಾರುತ್ತಾರೆ, ನಾವು ಕೊಳ್ಳುತ್ತೇವೆ. ನಡುವೆ ನಿಂತು ಕೇಳುವವರಿಲ್ಲ.

ಈ ಪುಟ್ಟ ಪೆಟ್ಟಿಗೆಯ ಸಂಕಟವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಯ ಟಿ.ವಿ. ರಾತ್ರಿ ಮಲಗುತ್ತದೆ, ಮಿಕ್ಸಿ ಐದು ನಿಮಿಷ ದುಡಿದು ವಿರಮಿಸುತ್ತದೆ. ರೂಟರಿಗೆ ವಿರಾಮವಿಲ್ಲ, ವರ್ಷದ 8,760 ಗಂಟೆಯೂ ಅದು ಎಚ್ಚರ. ಅದು ಸೇವಿಸುವ ವಿದ್ಯುತ್ತು ಸುಮಾರು 10 ವ್ಯಾಟ್ ಎಂದಿಟ್ಟುಕೊಂಡರೆ ತಿಂಗಳಿಗೆ ಏಳು ಯೂನಿಟ್ ಆಯಿತು. ಇದರಲ್ಲಿ ಅಲೆಯಾಗಿ ಆ್ಯಂಟೆನಾದಿಂದ ಹೊರಹೋಗುವುದು ಅತ್ಯಲ್ಪ. ಉಳಿದದ್ದೆಲ್ಲ ಶಾಖವಾಗಿ ಪೆಟ್ಟಿಗೆಯೊಳಗೇ ಹುಟ್ಟುತ್ತದೆ. ಕಂಪ್ಯೂಟರಿಗಿರುವಂತೆ ಇದಕ್ಕೆ ಫ್ಯಾನು ಇಲ್ಲ. ಹೊಟ್ಟೆಯಲ್ಲಿ, ಬೆನ್ನಿನಲ್ಲಿ ಇರುವ ಸೀಳುಗಳ ಮೂಲಕ ಬಿಸಿಗಾಳಿ ಮೇಲೇರಿ ಹೋಗಿ ತಣ್ಣನೆಯ ಗಾಳಿ ಒಳಬರಬೇಕು, ಅಷ್ಟೆ. ಆ ಸೀಳುಗಳ ಮೇಲೆ ಕಸೂತಿ ಹೊದಿಸಿದರೆ, ಧೂಳು ಕಟ್ಟಿಕೊಂಡರೆ, ಬೆಚ್ಚನೆಯ ಜಾಗ ಹುಡುಕಿಕೊಂಡು ಬಂದ ಇರುವೆಗಳು ಅಲ್ಲೇ ಮೊಟ್ಟೆಯಿಟ್ಟರೆ ಆ ಉಸಿರೂ ನಿಲ್ಲುತ್ತದೆ. (ನಮ್ಮ ಹಳೆಯ ರೂಟರನ್ನು ಬಿಚ್ಚಿದಾಗ ಒಣಗಿದ ಹಲ್ಲಿಮರಿಯೊಂದು ಸಿಕ್ಕಿತ್ತು. ಅದರ ಆಯ್ಕೆಯಲ್ಲಿ ತಪ್ಪು ಹುಡುಕಲಾರೆ.)

ಬಿಸಿಯಾದ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಇಲ್ಲವೇ ಒಮ್ಮೆಗೇ ನಿಂತು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಅಲೆಗಳಿಗೆ ಬಲ ತುಂಬುವ ಬಿಡಿಭಾಗದ ಶಕ್ತಿಯೂ ಬಿಸಿಯಲ್ಲಿ ಕುಗ್ಗುತ್ತದೆ. ಪಕ್ಕದ ಕೋಣೆಗೆ ಹಾಗೂ ಹೀಗೂ ತಲುಪುತ್ತಿದ್ದ ಸಂಕೇತ ಮಧ್ಯಾಹ್ನ ತಲುಪದೇ ಹೋಗುವುದು ಹೀಗೆ. ಇವೆಲ್ಲ ತಣಿದ ಮೇಲೆ ಸರಿಹೋಗುವ ಉಪದ್ರವಗಳು. ಸರಿಹೋಗದ ಇನ್ನೊಂದಿದೆ. ರೂಟರಿನಲ್ಲೂ ಅದರ ಅಡಾಪ್ಟರಿನಲ್ಲೂ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಕೆಪಾಸಿಟರ್ ಎಂಬ ಪುಟ್ಟ ಉರುಳೆಗಳಿರುತ್ತವೆ. ಅವುಗಳ ಒಳಗಿರುವುದು ದ್ರವ. ಬಿಸಿಗೆ ಅದು ಮೆಲ್ಲನೆ ಆರುತ್ತದೆ. ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಾಗ ಇವುಗಳ ಆಯಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುತ್ತದೆಂದು ಗುರುತು ಹಾಕಿದ ಕೆಪಾಸಿಟರ್ ಈ ಲೆಕ್ಕದಲ್ಲಿ 65 ಡಿಗ್ರಿಯಲ್ಲಿ 32,000 ಗಂಟೆ, ಅಂದರೆ ಮೂರೂವರೆ ವರ್ಷಕ್ಕೂ ಹೆಚ್ಚು ಬಾಳಬೇಕು. 75 ಡಿಗ್ರಿಯಾದರೆ ಎರಡು ವರ್ಷವೂ ಇಲ್ಲ. ಗಾಜಿನ ಬಾಗಿಲು ತೆರೆದಿಟ್ಟರೆ ಮಾತ್ರ ಸಿಗುವ ಆ ಹತ್ತು ಡಿಗ್ರಿಗೆ ಇಷ್ಟು ಬೆಲೆ.

ಬಹುಮಟ್ಟಿಗೆ ಮೊದಲು ಸಾಯುವುದು ರೂಟರಲ್ಲ, ಅದರ ಅಡಾಪ್ಟರು. ದೀಪಗಳೆಲ್ಲ ಉರಿಯುತ್ತಿರುತ್ತವೆ. ಆದರೆ ಇಬ್ಬರು ಒಟ್ಟಿಗೆ ವಿಡಿಯೊ ನೋಡಲು ಕುಳಿತಾಗ ಬೇಕಾಗುವ ವಿದ್ಯುತ್ತು ಅದರಿಂದ ಬರುವುದಿಲ್ಲ, ರೂಟರ್ ತಲೆತಿರುಗಿ ಬೀಳುತ್ತದೆ. ಮಾಹಿತಿ ತಂತ್ರಜ್ಞಾನದ ಉಪಕರಣಗಳ ಅಡಾಪ್ಟರುಗಳಿಗೆ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ಇದೆ, ನಿಜ. ಆ ನೋಂದಣಿ ನೋಡುವುದು ಸುರಕ್ಷತೆಯನ್ನು: ಶಾಕ್ ಹೊಡೆಯದಿರಲಿ, ಬೆಂಕಿ ಹತ್ತದಿರಲಿ ಎಂಬುದನ್ನು. ಎಷ್ಟು ಬೇಸಿಗೆ ಬಾಳೀತು ಎಂಬ ಪ್ರಶ್ನೆಗೆ ಆ ಗುರುತಿನಲ್ಲಿ ಉತ್ತರವಿಲ್ಲ.

'ಆಫ್ ಮಾಡಿ ಆನ್ ಮಾಡಿ' ಎಂಬ ಮಂತ್ರ ಫಲಿಸುವುದೇಕೆ ಎಂಬುದೂ ಈಗ ತಿಳಿಯಿತು. ರೂಟರಿನ ಸ್ಮರಣಕೋಶ ದಿನಗಟ್ಟಲೆಯ ಕೆಲಸದಿಂದ ತುಂಬಿ ಗೋಜಲಾಗಿದ್ದರೆ ಆಫ್ ಮಾಡಿದಾಗ ಅದು ಬರಿದಾಗುತ್ತದೆ. ಬಿಸಿಯಿಂದ ತತ್ತರಿಸಿದ್ದರೆ ಆಫ್ ಇದ್ದ ಹೊತ್ತಿನಲ್ಲಿ ತುಸು ತಣಿಯುತ್ತದೆ. ಎರಡು ಬೇರೆ ಬೇರೆ ಕಾಯಿಲೆಗೆ ಒಂದೇ ಕಷಾಯ. ಹಾಗಾಗಿಯೇ ಯಾವ ಕಾಯಿಲೆ ಎಂದು ಯಾರೂ ಕೇಳುವುದಿಲ್ಲ. ಆರಿಸಿ ಉರಿಸಿದ ಐದು ನಿಮಿಷಕ್ಕೇ ಮತ್ತೆ ಕೈಕೊಟ್ಟರೆ, ಅದೂ ಪ್ರತಿ ಸಲ ಬಿಸಿಲ ಹೊತ್ತಿನಲ್ಲೇ ಆದರೆ, ಅನುಮಾನ ಶಾಖದ ಕಡೆಗೆ ಹೋಗಬೇಕು.

ರೂಟರನ್ನು ಕಪಾಟಿನಿಂದ ಬಿಡಿಸಿ ನಡುಮನೆಯ ಗೋಡೆಗೆ, ಆಳೆತ್ತರದಲ್ಲಿ ತೂಗುಹಾಕಿದೆವು. ಮಧ್ಯಾಹ್ನದ ಕಾಟ ಅಂದೇ ನಿಂತಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ರಾತ್ರಿ ಎಂಟರಿಂದ ಹತ್ತರವರೆಗೆ ಇನ್ನೊಂದು ಕಾಟ ಉಳಿದೇ ಇತ್ತು. ಫೋನಿನ ಮೂಲೆಯಲ್ಲಿ ವೈ-ಫೈ ಗುರುತಿನ ಗೆರೆಗಳೆಲ್ಲ ತುಂಬಿ ನಿಂತಿರುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ. ಆ ಗೆರೆಗಳು ಹೇಳುವುದು ನಿಮ್ಮ ರೂಟರಿನ ದನಿ ನಿಮಗೆಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂಬುದನ್ನು. ಆ ದನಿಗೆ ಮಾತನಾಡಲು ಸರದಿ ಸಿಗುತ್ತಿದೆಯೇ ಎಂಬುದನ್ನು ಅವು ಹೇಳುವುದಿಲ್ಲ.

ಸರದಿಯ ಮಾತು ಯಾಕೆಂದರೆ, ವೈ-ಫೈ ಸಾಧನಗಳು ಸಂಭಾವಿತರ ಸಭೆಯಂತೆ. ಒಬ್ಬರು ಮಾತನಾಡುತ್ತಿದ್ದರೆ ಉಳಿದವರು ಕಾಯುತ್ತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ವ್ಯರ್ಥ, ಮತ್ತೆ ಹೇಳಬೇಕು. 2.4 ಗಿಗಾಹರ್ಟ್ಸ್ ಎಂದು ಕರೆಯುವ ಹಳೆಯ ತರಂಗಪಟ್ಟಿಯ ಒಟ್ಟು ಅಗಲ ಕೇವಲ 83.5 ಮೆಗಾಹರ್ಟ್ಸ್. ಒಂದು ವಾಹಿನಿಗೆ 20 ಮೆಗಾಹರ್ಟ್ಸ್ ಬೇಕು. ಹದಿಮೂರು ವಾಹಿನಿಗಳೆಂದು ಸಂಖ್ಯೆ ಹಾಕಿದ್ದರೂ ಒಂದರ ಮೇಲೊಂದು ಬೀಳದಂತೆ ಬಳಸಲು ಸಾಧ್ಯವಿರುವುದು ಮೂರು ಮಾತ್ರ: 1, 6 ಮತ್ತು 11. ನಮ್ಮ ನಡುಮನೆಯಲ್ಲಿ ನಿಂತು ಎಣಿಸಿದಾಗ ಅಕ್ಕಪಕ್ಕದ, ಮೇಲಿನ, ಎದುರು ಅಪಾರ್ಟ್‌ಮೆಂಟಿನ 27 ಜಾಲಗಳು ಕಂಡವು. ಮೂರು ಮೈಕುಗಳ ಮುಂದೆ ಇಪ್ಪತ್ತೇಳು ಭಾಷಣಕಾರರು. ಅಷ್ಟು ಸಾಲದೆಂಬಂತೆ ಬ್ಲೂಟೂತ್ ಕೂಡ ಇದೇ ಪಟ್ಟಿಯಲ್ಲಿದೆ, ಅಡುಗೆಮನೆಯ ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲಿ.

ಇದು ಆಕಸ್ಮಿಕವಲ್ಲ. ಇಂಥ ಒಲೆಗಳೂ ಕೈಗಾರಿಕಾ ಉಪಕರಣಗಳೂ ಮೊದಲೇ ಗದ್ದಲವೆಬ್ಬಿಸಿದ್ದ ತರಂಗಪಟ್ಟಿಗಳನ್ನೇ ಅಮೆರಿಕದ ಸಂಪರ್ಕ ಆಯೋಗ 1985ರಲ್ಲಿ ಪರವಾನಗಿಯಿಲ್ಲದ ಸಂವಹನ ಬಳಕೆಗೆ ತೆರೆದದ್ದು. ಬೇರಾರಿಗೂ ಬೇಡವಾದ ಗೋಮಾಳದಲ್ಲಿ ಮುಂದೆ ಇಷ್ಟು ದೊಡ್ಡ ಊರೇ ಎದ್ದುನಿಲ್ಲುತ್ತದೆಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ. ಭಾರತ ಸರ್ಕಾರ ಈ ಪಟ್ಟಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟದ್ದು 2005ರಲ್ಲಿ. 5 ಗಿಗಾಹರ್ಟ್ಸ್ ಪಟ್ಟಿಯನ್ನು ಉದಾರವಾಗಿ ತೆರೆಯಲು 2018 ಬರಬೇಕಾಯಿತು. 6 ಗಿಗಾಹರ್ಟ್ಸ್ ಪಟ್ಟಿಯ ಕೆಳಭಾಗವನ್ನು ಮುಕ್ತಗೊಳಿಸುವ ಕರಡು ನಿಯಮ ಪ್ರಕಟವಾದದ್ದು 2025ರ ಮೇ ತಿಂಗಳಿನಲ್ಲಿ. ಅಷ್ಟರಲ್ಲಿ ಅಮೆರಿಕ ಅದನ್ನು ತೆರೆದು ಐದು ವರ್ಷಗಳಾಗಿದ್ದವು.

ಹೊಸ ಪಟ್ಟಿಗಳಲ್ಲಿ ಜಾಗ ಧಾರಾಳ, ಆದರೆ ಅವುಗಳ ಅಲೆಗಳಿಗೆ ಗೋಡೆ ದಾಟುವ ತ್ರಾಣ ಕಡಿಮೆ. ಬೆಂಗಳೂರಿನ ಹಳೆಯ ಬಡಾವಣೆಗಳ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಕರಾವಳಿಯ ಕೆಂಪುಕಲ್ಲು, ಈಚಿನ ಅಪಾರ್ಟ್‌ಮೆಂಟುಗಳ ಕಾಂಕ್ರೀಟು ಇವೆಲ್ಲವೂ ಅವುಗಳಿಗೆ ಕೋಟೆಗಳೇ. ಹಾಗೆಂದು ಅಂಗಡಿಯಲ್ಲಿ 'ಬೂಸ್ಟರ್' ಎಂದು ಮಾರುವುದನ್ನು ತಂದು ಸಂಕೇತವೇ ಸಿಗದ ಕೋಣೆಯಲ್ಲಿ ಸಿಕ್ಕಿಸಿದರೆ ಅದೇನು ಹೆಚ್ಚಿಸೀತು? ಕೇಳಿದ್ದನ್ನೇ ಮತ್ತೆ ಹೇಳುವ ಸಾಧನ ಅದು. ಒಂದೇ ರೇಡಿಯೊ ಇರುವಂಥದ್ದಾದರೆ ಅರ್ಧ ಸಮಯ ಕೇಳುವುದಕ್ಕೂ ಅರ್ಧ ಸಮಯ ಹೇಳುವುದಕ್ಕೂ ಹೋಗಿ ವೇಗ ಅರ್ಧಕ್ಕಿಳಿಯುತ್ತದೆ. ಜೊತೆಗೆ ಬಿಸಿಯಾಗಲು ಮನೆಯಲ್ಲಿ ಮತ್ತೊಂದು ಡಬ್ಬಿ.

ಇಷ್ಟು ಓದಿದವರು ಕೇಳಬಹುದು, ಇದೆಲ್ಲ ಗೃಹಕೃತ್ಯದ ಮಾತಾಯಿತು, ಸಾರ್ವಜನಿಕ ಚರ್ಚೆಗೆ ಇದರಲ್ಲೇನಿದೆ ಎಂದು. ನನ್ನ ಮಟ್ಟಿಗೆ ಚರ್ಚೆ ಶುರುವಾಗುವುದೇ ಇಲ್ಲಿಂದ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2006ರಷ್ಟು ಹಿಂದೆಯೇ ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆ ನಿಯಮಾವಳಿ ರೂಪಿಸಿತು. ದೋಷವನ್ನು ಎಷ್ಟು ದಿನದೊಳಗೆ ಸರಿಪಡಿಸಬೇಕು, ಮೂರು ಕೆಲಸದ ದಿನ ದಾಟಿದರೆ ಬಾಡಿಗೆಯಲ್ಲಿ ಎಷ್ಟು ಕಡಿತ ಕೊಡಬೇಕು ಎಂದು ಅದರಲ್ಲಿತ್ತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಾವಳಿ ಇನ್ನಷ್ಟು ಕಟ್ಟುನಿಟ್ಟಾಗಿದೆ. ದತ್ತಾಂಶ ತಲುಪುವಲ್ಲಿನ ವಿಳಂಬ, ದಾರಿಯಲ್ಲಿ ಆಗುವ ನಷ್ಟ ಮುಂತಾದವನ್ನೂ ಅದು ಅಳೆಯುತ್ತದೆ. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವೂ 2004ರ 256 ಕಿಲೊಬಿಟ್‌ನಿಂದ 2013ರಲ್ಲಿ 512ಕ್ಕೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿದೆ. ಇವೆಲ್ಲ ಸ್ವಾಗತಾರ್ಹವೇ. ಆದರೆ ಈ ಅಳತೆಗಳೆಲ್ಲ ಸಂಸ್ಥೆಯ ಜಾಲದ್ದು. ಜಾಲ ಮನೆಯ ಗೋಡೆ ಮುಟ್ಟಿದ ಮೇಲೆ ಉಳಿಯುವ ಇಪ್ಪತ್ತು ಅಡಿ, ರೂಟರಿನಿಂದ ಮಗುವಿನ ಪುಸ್ತಕದ ಮೇಜಿನವರೆಗಿನ ದೂರ, ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಬಂದುಹೋಗುವ ದೋಷಕ್ಕೂ ಲೆಕ್ಕದಲ್ಲಿ ಜಾಗವಿಲ್ಲ. ನಿಯಮಗಳು ಎಣಿಸುವುದು ದೂರು ತೆರೆದ ಗಳಿಗೆಯಿಂದ ಮುಚ್ಚಿದ ಗಳಿಗೆಯವರೆಗೆ. ದಿನಕ್ಕೆರಡು ಗಂಟೆ ಕೈಕೊಟ್ಟು ಉಳಿದ ಇಪ್ಪತ್ತೆರಡು ಗಂಟೆ ಸರಿಯಿರುವ ಸಂಪರ್ಕದ ದೂರು ಪ್ರತಿ ಬಾರಿಯೂ ಒಂದೇ ದಿನದಲ್ಲಿ 'ಪರಿಹಾರ'ವಾಗುತ್ತದೆ. ನಮ್ಮ ಮನೆಯ ನಾಲ್ಕು ದೂರುಗಳು ಸಂಸ್ಥೆಯ ವರದಿಯಲ್ಲಿ ನಾಲ್ಕು ಸಾಧನೆಗಳಾಗಿ ಸೇರಿರುತ್ತವೆ ಎಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು.

ರೂಟರು ಯಾರದ್ದು ಎಂಬ ಪ್ರಶ್ನೆಯಂತೂ ಇನ್ನೂ ವಿಚಿತ್ರ. ಆಪ್ಟಿಕಲ್ ಫೈಬರ್ ಸಂಪರ್ಕಗಳಲ್ಲಿ ಮನೆಗೆ ಬರುವ ಪೆಟ್ಟಿಗೆಯನ್ನು ಹಲವು ಕಡೆ ಸಂಸ್ಥೆಯೇ ಕೊಡುತ್ತದೆ, ಸಂಪರ್ಕ ಬಿಟ್ಟಾಗ ಮರಳಿ ಒಯ್ಯುತ್ತದೆ. ಅದರ ಸೆಟ್ಟಿಂಗುಗಳಿಗೆ ಬೀಗ ಹಾಕಿರುವುದೂ ಉಂಟು. ಗದ್ದಲವಿಲ್ಲದ ವಾಹಿನಿಗೆ ನಾವೇ ಬದಲಿಸಿಕೊಳ್ಳುವ ಹಾಗಿಲ್ಲ. ಎಲ್ಲಿ ಕೂರಿಸಬೇಕೆಂಬುದನ್ನು ತೀರ್ಮಾನಿಸುವುದು ತಂತಿ ಎಲ್ಲಿಯವರೆಗೆ ಬಂತು ಎಂಬುದು. ಸಾಮಾನ್ಯವಾಗಿ ಅದು ಟಿ.ವಿ. ಕಪಾಟು, ಇಲ್ಲವೇ ಬಾಗಿಲ ಬಳಿಯ ಚಪ್ಪಲಿ ಗೂಡು. ಸಾಧನ ಅವರದ್ದು, ಆಯ್ದ ಜಾಗ ಅವರದ್ದು. ಕೆಟ್ಟಾಗ ಮಾತ್ರ 'ಅದು ನಿಮ್ಮ ವೈ-ಫೈ ಸಮಸ್ಯೆ ಸಾರ್'.

ಕಾಲೇಜು ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ, ಅಂತರ್ಜಾಲದ ಲಭ್ಯತೆ ಶಿಕ್ಷಣದ ಹಕ್ಕಿನ ಭಾಗ ಎಂದಿತು. ಮರುವರ್ಷವೇ ಕೋವಿಡ್ ಬಂದು ತರಗತಿ, ಕಚೇರಿ, ವೈದ್ಯರ ಭೇಟಿ ಎಲ್ಲವನ್ನೂ ಆ ಒಂದು ಪೆಟ್ಟಿಗೆಯ ಮೇಲೆ ಹೇರಿತು. ಕೋವಿಡ್ ಹೋದರೂ ಹೇರಿದ್ದು ಪೂರ್ತಿ ಇಳಿದಿಲ್ಲ. ಸಂಪರ್ಕವಿದ್ದೇ ಇರುತ್ತದೆಂದು ಎಣಿಸಿ ವ್ಯವಸ್ಥೆಗಳನ್ನು ಕಟ್ಟಿದ್ದೇವೆ. ಅದು ತಪ್ಪಿದಾಗಿನ ನಷ್ಟವನ್ನು ಮಾತ್ರ ಪರೀಕ್ಷೆ ಬರೆಯುವ ಹುಡುಗಿಯ ತಲೆಗೆ ಕಟ್ಟಿದ್ದೇವೆ. ಬ್ಯಾಂಕಿನ ಯಂತ್ರ ಕೆಟ್ಟರೆ ಗ್ರಾಹಕನ ಹಣ ಮರಳುತ್ತದೆ. ಪರೀಕ್ಷೆಯ ಮಧ್ಯೆ ಕಡಿದ ಸಂಪರ್ಕಕ್ಕೆ ಮರುಅವಕಾಶ ಕೊಟ್ಟರೆ ಆಕಾಶ ಬೀಳುವುದಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನನ್ನೂ ಅಲ್ಲ. ಒಂದೇ ಮನೆಯಿಂದ ಒಂದು ತಿಂಗಳಲ್ಲಿ ಮೂರು ಬಾರಿ ದೂರು ಬಂದರೆ ಅದನ್ನು ಮೂರು ಪರಿಹಾರವೆಂದು ಬಿಟ್ಟುಬಿಡದೆ, ಒಂದು ಬಗೆಹರಿಯದ ದೋಷವೆಂದು ಪ್ರಾಧಿಕಾರ ಎಣಿಸಲಿ. ರೂಟರ್ ಎಷ್ಟು ಬಾರಿ ತಾನಾಗಿ ಆರಿ ಹೊತ್ತಿಕೊಂಡಿತು ಎಂಬುದನ್ನು ದೂರದಿಂದಲೇ ನೋಡುವ ಸೌಲಭ್ಯ ಸಂಸ್ಥೆ ಕೊಡುವ ಸಾಧನಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಮಾಹಿತಿ ಗ್ರಾಹಕನಿಗೂ ಸಿಗಲಿ. ಉಷ್ಣಾಂಶದ ಮಿತಿಯನ್ನು ಪೆಟ್ಟಿಗೆಯ ಹೊರಮೈ ಮೇಲೆ ಕಾಣುವ ಅಕ್ಷರದಲ್ಲಿ, ಕನ್ನಡದಲ್ಲಿಯೂ, ಅಚ್ಚುಹಾಕಲಿ. ಕಲಬುರಗಿಯಲ್ಲಿ ಮಾರುವ ಸಾಧನ ಕಲಬುರಗಿಯ ಬೇಸಿಗೆಗೆ ತಕ್ಕುದಾಗಿರಲಿ. 50 ಡಿಗ್ರಿ ತಾಳುವ ಸಾಧನ ತಯಾರಿಸುವುದು ತಂತ್ರಜ್ಞಾನಕ್ಕೆ ಎಟುಕದ ಮಾತೇನಲ್ಲ, ಕೆಲವು ರೂಪಾಯಿ ಹೆಚ್ಚು ಬೀಳುತ್ತದೆ ಅಷ್ಟೆ. ಕಟ್ಟಡ ಕಟ್ಟುವವರು ಮೀಟರಿಗೆ ಜಾಗ ಬಿಡುವಂತೆ ಮನೆಯ ನಡುವೆ ಗಾಳಿಯಾಡುವ ಒಂದು ಗೂಡನ್ನೂ, ಅಲ್ಲಿಂದ ಕೋಣೆಗಳಿಗೆ ತಂತಿ ಎಳೆಯಲು ಒಂದು ಕೊಳವೆಯನ್ನೂ ಬಿಡಲಿ.

ತಂತಿಯ ಮಾತನ್ನು ಬೇಕೆಂದೇ ಎತ್ತಿದೆ. ಅಣ್ಣನ ಮಗಳು 2025ರಲ್ಲಿ ಮತ್ತೆ ಅದೇ ಪರೀಕ್ಷೆಗೆ ಕುಳಿತಳು. ಹಿಂದಿನ ದಿನ ನಾನೂ ಅವಳೂ ಹೋಗಿ ಮೂವತ್ತು ಅಡಿ ಉದ್ದದ ನೀಲಿ ಕೇಬಲ್ ತಂದು, ನಡುಮನೆಯಿಂದ ಬಾಗಿಲ ಸಂದಿಯಲ್ಲಿ ಹಾಯಿಸಿ, ಅವಳ ಮೇಜಿನವರೆಗೆ ಎಳೆದೆವು. ಅಮ್ಮ ಎಡವದಿರಲೆಂದು ಅದರ ಮೇಲೆ ಚಾಪೆ ಹಾಸಿದೆವು. ಪರೀಕ್ಷೆ ಒಮ್ಮೆಯೂ ತಡೆಯಿಲ್ಲದೆ ಮುಗಿಯಿತು. ಸೀಟೂ ಸಿಕ್ಕಿತು, ಒಂದು ವರ್ಷ ತಡವಾಗಿ.